ಶೇತೂರ್ ಬಿಯರಿನ ಮೂರನೆಯ ಲೋಟ

ಆ ಕಾರ್ಖಾನೆಯಲ್ಲಿ ಬಿಯರ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಟಲಿಯ ಲೇಬಲ್ ಮೇಲೆ ಅದು ಇಂಗ್ಲಿಷಿನಲ್ಲಿ ದಪ್ಪಗೆ ಅಚ್ಚಾಗಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್ ರಹಿತ ಎಂದೂ ಇತ್ತು. ಮಾತಿನಲ್ಲಿ ಮಾತ್ರ ಎಲ್ಲರಿಗೂ ಅದು ಬಾರ್ಲಿ ಶರಬತ್ತು. ನನ್ನನ್ನೂ ಬೆಂಗಳೂರಿನ ಶರಬತ್ತಿನ ಕೆಮಿಸ್ಟ್ ಎಂದೇ ಪರಿಚಯಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಬ್ರೂವರಿಯಲ್ಲಿ ಬಿಯರ್ ಮಾಡಿದವನನ್ನು ಶರಬತ್ತಿನವನು ಎಂದರೆ ಸಿಟ್ಟು ಬರದೇ ಇರುತ್ತದೆಯೇ? ಬಂದ ಸಿಟ್ಟನ್ನು ನುಂಗಿಕೊಂಡೆ. ಹೆಂಡತಿಯನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರು. ಪಾನನಿಷೇಧ ಇರುವ ರಾಜ್ಯದಲ್ಲಿ ನನ್ನ ವಿದ್ಯೆಗೆ ಕುರ್ಚಿ ಕೊಟ್ಟವರು ಇವರೊಬ್ಬರೇ.

ಕಾರ್ಖಾನೆ ಕೊಯಾಲಿಗೆ ಹೋಗುವ ದಾರಿಯಲ್ಲಿತ್ತು. ಮೂಲತಃ ಉಪ್ಪಿನಕಾಯಿಯ ಮನೆತನ. ಛೂಂದೋ ಎಂದು ಗುಜರಾತಿಗಳು ಮಾಡುವ ಸಿಹಿ ಮಾವಿನಕಾಯಿ ತುರಿಯಿಂದ ಹೆಸರು ಮಾಡಿದವರು. ಆಮೇಲೆ ಶರಬತ್ತು, ಆಮೇಲೆ ಹಣ್ಣಿನ ರಸ. ಈಗಿನ ಯಜಮಾನ ಮೂವತ್ತೆರಡರ ಹುಡುಗ. ಎಲ್ಲರೂ ಅವನನ್ನು ಚಿಕ್ಕ ಶೇಠ್ ಎನ್ನುತ್ತಿದ್ದರು. ಅವನಿಗೆ ಕ್ರಾಫ್ಟ್ ಎಂಬ ಪದದ ಹುಚ್ಚು ಹಿಡಿದಿತ್ತು. ವಸಂತಕ್ಕೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಋತುವಿಗೊಂದು ಹಣ್ಣಿನ ಬಿಯರ್ ತರಬೇಕು, ಮೊದಲನೆಯದನ್ನು ಹೋಳಿಯ ಮರುದಿನದ ಬಣ್ಣದಾಟಕ್ಕೆ ಅಹಮದಾಬಾದಿನಲ್ಲಿ ಬಿಡುಗಡೆ ಮಾಡಬೇಕು ಎಂದ. ಹಣ್ಣು ಶೇತೂರ್, ಅಂದರೆ ಹಿಪ್ಪುನೇರಳೆ. ನಮ್ಮ ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಎಂದರೆ ರೇಷ್ಮೆಹುಳದ ಸೊಪ್ಪು. ಹಣ್ಣನ್ನು ಮಕ್ಕಳು ತಿಂದು ಅಂಗಿಗೆ ಕಲೆ ಮಾಡಿಕೊಂಡು ಏಟು ತಿನ್ನುತ್ತಾರೆ, ಅಷ್ಟೇ. ಇಲ್ಲಿ ಅದನ್ನು ಫಾಲ್ಗುಣದಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ.

ಯಜಮಾನ ಅವನೇ ಆದರೂ ಕಾರ್ಖಾನೆಯ ನಾಲಗೆ ಅವನ ಅಜ್ಜಿ. ಅವರನ್ನು ಎಲ್ಲರೂ ಬಾ ಎನ್ನುತ್ತಿದ್ದರು, ನಾವು ಅಮ್ಮ ಎಂದಂತೆ. ಎಂಬತ್ತು ದಾಟಿದ್ದರು. ಕೊರಳಲ್ಲಿ ತುಳಸಿ ಮಣಿ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ವ್ರತ. ಉಪ್ಪಿನಕಾಯಿ ವ್ಯಾಪಾರ ಶುರುವಾದ ದಿನದಿಂದ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾವ ಹೊಸ ಮಾಲಾದರೂ ಬಾ ಮೂರು ಸಲ ರುಚಿ ನೋಡಬೇಕು: ಮಾಡಿದಾಗ ಒಮ್ಮೆ, ತುಂಬಿದಾಗ ಒಮ್ಮೆ, ಲಾರಿ ಹೊರಡುವ ದಿನ ಪೆಟ್ಟಿಗೆಯಿಂದಲೇ ತೆಗೆದು ಒಮ್ಮೆ. ಮೂರನೆಯ ಸಲ ಅವರು ಹೂಂ ಎಂದ ಮೇಲೆಯೇ ಲಾರಿಯ ಗೇಟು ತೆರೆಯುವುದು. ನನ್ನ ಪ್ರಯೋಗಾಲಯ, ನನ್ನ ಸಹಿ, ಇವೆಲ್ಲ ಆ ಹೂಂಗೆ ಮುಂಚಿನ ಅಲಂಕಾರ. ಬಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಾಟಲಿಯಲ್ಲಿರುವುದು ಜವೆಗೋಧಿಯ ಶರಬತ್ತು ಎಂದು ಮೊಮ್ಮಗ ಹೇಳಿದ್ದ.

ರುಚಿ ನೋಡುವ ತಂಡವನ್ನು ಕಾರ್ಖಾನೆಯ ಜನರಿಂದಲೇ ಕಟ್ಟಬೇಕಾಯಿತು. ಪ್ಯಾಕಿಂಗ್, ಸ್ಟೋರ್ಸ್, ಕಚೇರಿ, ಬಾ ಅವರ ಕಾರು ಓಡಿಸುವ ಡ್ರೈವರ್, ಹೀಗೆ ಒಂಬತ್ತು ಜನ. ಯಾರಾದರೂ ಬಿಯರ್ ಕುಡಿದದ್ದುಂಟೇ ಎಂದು ಮೊದಲ ದಿನ ಕೇಳಿದೆ. ಒಂಬತ್ತು ತಲೆಗಳೂ ಇಲ್ಲವೆಂದು ಅಲ್ಲಾಡಿದವು. ಎಲ್ಲಕ್ಕಿಂತ ಜೋರಾಗಿ ಅಲ್ಲಾಡಿದ್ದು ಡ್ರೈವರನದು. ಅವನು ತಿಂಗಳಿಗೊಮ್ಮೆ ಪಾನನಿಷೇಧವಿಲ್ಲದ ದಮನ್‌ಗೆ ಯಾವ ದೇವರ ದರ್ಶನಕ್ಕೆ ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಊರು ಎಂದುಕೊಂಡೆ.

ಅದರಿಂದ ಕೆಲಸಕ್ಕೆ ನಿಜವಾದ ತೊಂದರೆ ಆಯಿತು. ನಾಲಗೆಯನ್ನು ಪಳಗಿಸುವ ಕ್ರಮ ಹೀಗೆ: ಒಳ್ಳೆಯ ಬಿಯರಿಗೆ ಒಂದೊಂದೇ ದೋಷವನ್ನು ಬೇಕೆಂದೇ ಬೆರೆಸಿ ಕುಡಿಸುವುದು. ಬೆಣ್ಣೆಯ ವಾಸನೆ, ನೆನೆದ ರಟ್ಟಿನ ವಾಸನೆ, ಕೊಳೆತ ಮೊಟ್ಟೆಯ ವಾಸನೆ, ಹುಳಿ. ಪ್ರತಿ ಲೋಟಕ್ಕೂ ಮೂರಂಕಿಯ ಗುರುತು, ಎಂಟು ಡಿಗ್ರಿ ತಣ್ಣಗೆ, ನಡುವೆ ನಾಲಗೆ ತೊಳೆಯಲು ನೀರು ಮತ್ತು ಮಸಾಲೆಯಿಲ್ಲದ ಖಾಖರಾ, ಅಂದರೆ ತೆಳು ಗರಿಗರಿ ರೊಟ್ಟಿ. ಬಿಯರನ್ನು ಉಗುಳುವಂತಿಲ್ಲ. ಕಹಿ ತಿಳಿಯುವುದು ಗಂಟಲಿನ ಹತ್ತಿರ, ಆದ್ದರಿಂದ ಒಂದು ಗುಟುಕಾದರೂ ನುಂಗಲೇಬೇಕು. ಮೂರು ವಾರದಲ್ಲಿ ಅವರು ಎಲ್ಲವನ್ನೂ ಹಿಡಿಯತೊಡಗಿದರು. ಆಲ್ಕೋಹಾಲ್ ಒಂದನ್ನು ಮಾತ್ರ ನಾನು ಬೆರೆಸಿ ತೋರಿಸುವಂತಿರಲಿಲ್ಲ. ಕಾನೂನಿನ ಊರಲ್ಲಿ ಅದನ್ನು ತರುವುದೆಲ್ಲಿಂದ? ಯಾವ ದೋಷವನ್ನು ಹಿಡಿಯಲೇಬೇಕಿತ್ತೋ ಅದನ್ನು ಬಿಟ್ಟು ಮಿಕ್ಕೆಲ್ಲ ಕಲಿಸಿದೆ. ನನ್ನ ನಾಲಗೆ ಇದೆಯಲ್ಲ ಎಂಬ ಸೊಕ್ಕು.

ಮೊದಲ ಸಲ ಮಾಡಿದ ಮಾಲು ನೇರವಾಗಿತ್ತು. ಮಾಲ್ಟಿನ ಸಕ್ಕರೆಯನ್ನು ತಿನ್ನಲಾರದ, ಚಿಲ್ಲರೆ ಸಕ್ಕರೆಯನ್ನು ಮಾತ್ರ ತಿನ್ನುವ ಒಂದು ಜಾತಿಯ ಯೀಸ್ಟ್ ಇದೆ. ಅದನ್ನು ಹಾಕಿದರೆ ಬಿಯರಿನ ಪರಿಮಳ ಬರುತ್ತದೆ, ಆಲ್ಕೋಹಾಲ್ ಅರ್ಧ ಪರ್ಸೆಂಟಿನ ಕೆಳಗೆ ನಿಲ್ಲುತ್ತದೆ. ಹಣ್ಣಿನ ಸಕ್ಕರೆ ಮಾತ್ರ ಅದಕ್ಕೆ ಹಬ್ಬದೂಟ. ಹೀಗಾಗಿ ಶೇತೂರಿನ ತಿರುಳು ಬೆರೆಸಿದ ಮೇಲೆ ಬಾಟಲಿಗಳನ್ನು ಬಿಸಿನೀರಿನ ಸುರಂಗದಲ್ಲಿ ಹಾಯಿಸಿ, ಒಳಗಿನ ಯೀಸ್ಟನ್ನೆಲ್ಲ ಕೊಲ್ಲಬೇಕು. ಹಾಗೇ ಮಾಡಿದೆ. ಬಾ ಸ್ಟೀಲಿನ ಪುಟ್ಟ ಲೋಟದಲ್ಲಿ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಬೇಯಿಸಿಬಿಟ್ಟಿದ್ದೀಯ ಭಾಯ್," ಎಂದರು ಗುಜರಾತಿಯಲ್ಲಿ. "ಶೇತೂರ್ ಅಂದ್ರೆ ಮರದಿಂದ ಕಿತ್ತು ಬಾಯಿಗೆ ಹಾಕ್ಕೊಳ್ಳೋ ಹಣ್ಣು. ಇದು ಜ್ವರ ಬಂದವರಿಗೆ ಕೊಡೋ ಕಷಾಯ."

ಅವರು ಹೇಳಿದ್ದು ನಿಜ. ಬಣ್ಣ ಕಂದಿತ್ತು, ಮುರಬ್ಬದ ವಾಸನೆ ಬಂದಿತ್ತು. ತಿರುಳನ್ನು ಬೇರೆಯಾಗಿ, ಕೆಲವೇ ಸೆಕೆಂಡು ಕಾಯಿಸಿ ತಟ್ಟನೆ ತಣಿಸಿದರೆ ಸುರಂಗದ ಬಿಸಿಯನ್ನು ಇಳಿಸಬಹುದು, ಹತ್ತು ದಿನ ಕೊಡಿ ಎಂದು ಚಿಕ್ಕ ಶೇಠನಿಗೆ ವಿವರಿಸಿದೆ. ಅವನು ಫೋನ್ ನೋಡುತ್ತಲೇ ತಲೆಯಾಡಿಸಿದ. ಬಾ ತಮ್ಮ ಪಾಡಿಗೆ, "ಬಿಸಿಲಿಗೆ ಇಡಿ. ಸೂರ್ಯನಾರಾಯಣ ಬೇಯಿಸಿದ್ದಕ್ಕೆ ಬೆಂಕಿ ವಾಸನೆ ಇರಲ್ಲ, ಅದು ಕೆಡೋದೂ ಇಲ್ಲ," ಎಂದರು. ಅಜ್ಜಿ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ನನ್ನನ್ನು ಸೂರತ್‌ಗೆ ಕಳಿಸಿದರು, ಅಲ್ಲಿನ ವಿತರಕನ ಶೀತಲ ಗೋದಾಮು ನೋಡಿಬರಲು. ಪಾಂಡೇಸರಾದಲ್ಲಿ, ಬಣ್ಣದ ಮಿಲ್ಲುಗಳ ನಡುವೆ, ಮೋರಿಯ ನೀರು ಒಂದು ದಿನ ನೀಲಿ ಒಂದು ದಿನ ಕೆಂಪು ಹರಿಯುವ ಬೀದಿಯಲ್ಲಿ ಆ ಗೋದಾಮು ಇತ್ತು. ಶೀತಲ ಎಂಬುದು ಬಾಯಿಮಾತು. ತಗಡಿನ ಮಾಡು, ಅರ್ಧ ಜಾಗದಲ್ಲಿ ಯಾರದೋ ಬಟ್ಟೆಯ ಬೇಲುಗಳು, ಉಳಿದರ್ಧ ನಮಗೆ. ಆರು ದಿನ ಆ ಮನುಷ್ಯನ ಜೊತೆ ಜಗಳ ಆಡಿದೆ. ಕೊನೆಗೆ ಒಂದು ಕೂಲರ್ ತಂದಿಟ್ಟು, "ಸಾಹೇಬ್, ಶರಬತ್ತು ತಾನೇ?" ಎಂದ.

ನಾನು ಹಿಂತಿರುಗುವ ಹೊತ್ತಿಗೆ ಎರಡನೆಯ ಮಾಲು ತುಂಬಿ ಆಗಿತ್ತು. ಬಾ ಹೇಳಿದಂತೆ ತಿರುಳಿಗೆ ಸಕ್ಕರೆ ಬೆರೆಸಿ, ಛೂಂದೋಗೆ ಇಡುವ ಹಾಗೆ ಹಂಡೆಗಳಲ್ಲಿ ಹಾಕಿ, ಮಲ್ಮಲ್ ಬಟ್ಟೆ ಕಟ್ಟಿ ತಾರಸಿಯ ಮೇಲೆ ನಾಲ್ಕು ದಿನ ಬಿಸಿಲಿಗೆ ಇಟ್ಟಿದ್ದರು. ಅದನ್ನು ಬಿಯರಿಗೆ ಬೆರೆಸಿ, ಬೆಂದ ವಾಸನೆ ಬೇಡವೆಂದು ಸುರಂಗದ ಬಿಸಿನೀರು ನಿಲ್ಲಿಸಿ, ಸೀದಾ ಬಾಟಲಿಗೆ ತುಂಬಿದ್ದರು. ಪ್ಯಾಕಿಂಗಿನ ಮುದುಕನೊಬ್ಬ ಹೆಮ್ಮೆಯಿಂದ ಹೇಳಿದ, "ಎರಡನೇ ದಿನ ನೊರೆ ಬಂತು ಸಾಹೇಬ್. ಧೂಳಿರಬೇಕು ಅಂತ ಸೌಟಲ್ಲಿ ತಿರುವಿ ಇಳಿಸಿದೆ."

ಸಕ್ಕರೆ ಎಷ್ಟು ಹಾಕಿದಿರಿ ಎಂದು ಕೇಳಿದೆ. ಛೂಂದೋದಲ್ಲಿ ಮಾವಿನಕಾಯಿಯಷ್ಟೇ ಸಕ್ಕರೆ ಇರುತ್ತದೆ, ಕೆಲವೊಮ್ಮೆ ಹೆಚ್ಚೇ. ಅಷ್ಟು ಸಕ್ಕರೆಯಲ್ಲಿ ಯಾವ ಯೀಸ್ಟೂ ಉಸಿರಾಡಲಾರದು, ಆದ್ದರಿಂದ ಬಿಸಿಲು ಅದನ್ನು ಪಾಕ ಮಾಡುತ್ತದೆ. ಶೇತೂರಿಗೆ ಇವರು ಹಾಕಿದ್ದು ಅದರ ಕಾಲು ಭಾಗ. ಅದು ಯೀಸ್ಟಿಗೆ ಹಾಸಿ ಕೊಟ್ಟ ಹಾಸಿಗೆ. ಮಾರ್ಚಿನ ಬಿಸಿಲು ಅದಕ್ಕೆ ಕಂಬಳಿ.

ಆದರೆ ಅಷ್ಟರಲ್ಲಿ ಎರಡನೆಯ ರುಚಿಗೆ ಎಲ್ಲರೂ ಕುಳಿತಾಗಿತ್ತು. ಬಾ ನಡುವಿನ ಕುರ್ಚಿಯಲ್ಲಿದ್ದರು. ನನ್ನ ಲೋಟ ಎತ್ತಿ ಮೂಸಿದೆ. ಬಣ್ಣ ಮಾಣಿಕ್ಯದಂತೆ ಕೆಂಪು. ಮೊದಲ ಗುಟುಕಿನಲ್ಲೇ ಎರಡು ಸುಳಿವು ಸಿಕ್ಕವು: ಸಿಹಿ ಇರಬೇಕಾದಷ್ಟು ಇರಲಿಲ್ಲ, ಮೂಗಿನ ತುದಿಯಲ್ಲಿ ಹಸಿ ಹಣ್ಣಿನ ಬದಲು ಮಾಗಿ ಉಬ್ಬಿದ ಹಣ್ಣಿನ ಘಮ. ನುಂಗಿದ ಮೇಲೆ ಗಂಟಲಲ್ಲಿ ಸಣ್ಣ ಬಿಸಿ ಉಳಿಯಿತು. ಮೂರು ವರ್ಷದಿಂದ ಭೇಟಿಯಾಗದ ಹಳೆಯ ಪರಿಚಿತನೊಬ್ಬ ಹಿಂದಿನಿಂದ ಬೆನ್ನು ತಟ್ಟಿದಂತೆ ಆಯಿತು. ಒಂಬತ್ತು ಹಾಳೆಗಳಲ್ಲೂ ಪೂರ್ತಿ ಅಂಕ. ಗುಮಾಸ್ತನೊಬ್ಬ ಹಗುರವಾಗಿದೆ ಎಂದು ಬರೆದಿದ್ದ, ಇನ್ನೊಬ್ಬ ಮನಸ್ಸಿಗೆ ಹಿತ ಎಂದು. ಡ್ರೈವರ್ ನನ್ನ ಕಡೆ ನೋಡಿ ಕಣ್ಣು ಹೊಡೆದ. ಬಾ ಲೋಟ ಖಾಲಿ ಮಾಡಿ, ಇನ್ನರ್ಧ ಹಾಕಿಸಿಕೊಂಡು, "ಹೂಂ. ಇದು ಶೇತೂರ್," ಎಂದರು.

ಆಗಲೇ ಹೇಳಬಹುದಿತ್ತು. ಅನುಮಾನ ಮಾತ್ರ ಇದೆ, ಅಳೆಯದೆ ಹೇಳಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿ, ನೂರು ಮಿಲಿಲೀಟರ್ ಅಳೆದು, ನೊರೆ ಬಿಡಿಸಿ, ಗಾಜಿನ ಬುಡ್ಡಿಯಲ್ಲಿ ಕುದಿಸಿ ಹಬೆ ಇಳಿಸಿದೆ. ಇಳಿದ ನೀರಿಗೆ ಶುದ್ಧ ನೀರು ಸೇರಿಸಿ ಮತ್ತೆ ನೂರಕ್ಕೆ ತಂದು, ಇಪ್ಪತ್ತು ಡಿಗ್ರಿಯಲ್ಲಿ ಸಾಂದ್ರತೆಯ ಬಾಟಲಿಯಲ್ಲಿ ತೂಗಿದೆ. ಆಲ್ಕೋಹಾಲ್ ಒಂದೂವರೆ ಪರ್ಸೆಂಟಿಗೆ ಕೂದಲೆಳೆ ಕಡಿಮೆ. ಇನ್ನೊಂದು ಬಾಟಲಿ ಒಡೆದು ಅದೇ ಮಾಡಿದೆ, ಅದೇ ಬಂತು. ಮೂರನೆಯದು ಒಂಚೂರು ಹೆಚ್ಚೇ ಬಂತು. ಅಂದರೆ ಬಾಟಲಿಯೊಳಗೂ ಕೆಲಸ ನಡೆದೇ ಇತ್ತು.

ಹಾಳೆ ಹಿಡಿದು ಚಿಕ್ಕ ಶೇಠನ ಕೋಣೆಗೆ ಹೋದೆ. ಅವನು ಓದಿ ಮೇಜಿನ ಮೇಲೆ ಬೋರಲು ಇಟ್ಟ.

"ಟೆಸ್ಟ್ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ನನ್ನ ನಾಲಗೆ."

"ನಿಮ್ಮ ನಾಲಗೆಗೆ ಎಲ್ಲದರಲ್ಲೂ ಅದೇ ಸಿಗುತ್ತೆ. ಬಾ ಹೂಂ ಅಂದಾಯ್ತು. ಸೂರತ್ ಮಾಲು ಬೆಳಿಗ್ಗೆನೇ ಸ್ಯಾಂಪಲ್ ಅಂತ ಹೋಯ್ತು."

"ಮೂರನೇ ರುಚಿಗೆ ಮುಂಚೆಯೇ? ವಾಪಸ್ ತರಿಸಿ. ಇಲ್ಲಿರೋದನ್ನು ಮೋರಿಗೆ ಸುರಿಸಿ. ಹೋಳಿಗೆ ಆಗಲ್ಲ, ಶೇತೂರ್ ಮುಗಿಯೋದ್ರೊಳಗೆ ಇನ್ನೊಂದು ಮಾಲು ಮಾಡಿಕೊಡ್ತೀನಿ."

ಅವನು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತ. ಧ್ವನಿ ಇಳಿಸಿದ. ಅವನ ಕೂಗಿಗಿಂತ ಆ ಮೆಲುದನಿಯೇ ನನಗೆ ಹೆಚ್ಚು ಹೇಸಿಗೆ ತಂದದ್ದು.

"ಸಾಹೇಬ್, ನಾಳೆ ಯಾರಾದ್ರೂ ಬಂದು ಕೇಳಿದ್ರೆ, ಈ ಕಾಂಪೌಂಡಲ್ಲಿ ಬಿಯರ್ ಮಾಡೋಕೆ ಗೊತ್ತಿರೋದು ಯಾರಿಗೆ? ನಾನು ಉಪ್ಪಿನಕಾಯಿಯವನ ಮೊಮ್ಮಗ. ರೆಸಿಪಿ ಹಾಳೆ ಮೇಲೆ ಸಹಿ ನಿಮ್ಮದು. ನಿಮ್ಮ ಮನೆಯವರು ಬ್ಯಾಂಕಲ್ಲಿ ಆಫೀಸರ್, ಅಲ್ವಾ? ಹಬ್ಬ ಮುಗೀಲಿ, ಆಮೇಲೆ ಸರಿಮಾಡೋಣ. ಬಾಗೆ ಮಾತ್ರ ಈ ವಿಷಯ ಹೋಗಬಾರದು. ಬಿಸಿಲಿಗಿಡಿ ಅಂದಿದ್ದು ಅವರೇ. ಈ ವಯಸ್ಸಲ್ಲಿ ಅವರನ್ನ ಸಾಯಿಸ್ತೀರಾ?"

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ ಎಂಬುದು ನಮ್ಮ ಗಾದೆ. ನಾನಂತೂ ಈಚಲ ಮರವೇ. ಕೈಕೋಳ ಬೀಳುವುದು ಯಾರಿಗೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡೆ. ಅವನ ಮುಖಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂದಿತ್ತು.

ಎರಡು ದಿನ ಬಿಟ್ಟು ಅಲ್ಕಾಪುರಿಯ ಉಡುಪಿ ಹೋಟೆಲಿನಲ್ಲಿ ಹೆಂಡತಿಗೆ ಹೇಳಿದೆ. ಗಲ್ಲಾದಲ್ಲಿ ಕೂತ ಯಜಮಾನರು ಕುಂದಾಪುರದ ಕಡೆಯವರು. ಇಡೀ ವಡೋದರಾದಲ್ಲಿ ನಮ್ಮ ಕನ್ನಡ ಗುಟ್ಟಾಗಿ ಉಳಿಯದ ಜಾಗ ಅದೊಂದೇ. ಹಾಗಾಗಿ ಪಿಸುಮಾತಿನಲ್ಲೇ ಮಾತಾಡಿದೆವು.

"ಆ ಅಜ್ಜಿಗೆ ಗೊತ್ತಾ?" ಎಂದಳು.

"ಇಲ್ಲ."

"ನಿಮಗೆ ಗೊತ್ತು."

"ಅದನ್ನೇ ತಾನೇ ಹೇಳ್ತಿರೋದು. ಬಾಯಿ ಬಿಟ್ಟರೆ ನನ್ನನ್ನೇ ಸಿಗಿಸ್ತಾನೆ. ನಿನ್ನ ಕೆಲಸಕ್ಕೂ ತೊಂದರೆ ಆಗುತ್ತೆ."

ಅವಳು ಚಮಚ ಕೆಳಗಿಟ್ಟಳು. "ನೋಡ್ರೀ, ನಿಮ್ಮ ಹೆದರಿಕೆಗೆ ನನ್ನ ಬ್ಯಾಂಕ್ ಅಡ್ಡ ತರಬೇಡಿ. ನನ್ನ ಕೆಲಸ ನಾನು ನೋಡ್ಕೋತೀನಿ. ನಮ್ಮಮ್ಮ ಏಕಾದಶಿ ದಿನ ತಿಳೀದೆ ಒಂದು ತುತ್ತು ಅನ್ನ ತಿಂದಿದ್ದಕ್ಕೆ ಎರಡು ದಿನ ಉಪವಾಸ ಮಾಡಿದ್ದು ನಿಮಗೆ ನೆನಪಿಲ್ವಾ? ನೀವು ಆ ಅಜ್ಜಿ ಕೈಗೆ ಹೆಂಡದ ಲೋಟ ಕೊಟ್ಟು ಇಲ್ಲಿ ಬಂದು ದೋಸೆ ತಿಂತಿದ್ದೀರಿ."

"ಹೆಂಡ ಅನ್ನಬೇಡ. ಒಂದೂವರೆ ಪರ್ಸೆಂಟ್."

"ಆ ಲೆಕ್ಕ ಅವರಿಗೆ ಹೇಳಿ."

ನೋಡೋಣ ಎಂದೆ.

ನೋಡೋಣ ಎಂದವನು ದಿನಕ್ಕೊಂದು ಕಾರಣ ಹುಡುಕಿಕೊಂಡೆ. ಮಾಲು ತಣ್ಣಗಿದ್ದರೆ ಏರದು ಎಂದುಕೊಂಡು ಬಾಟಲಿಗಳನ್ನೆಲ್ಲ ಶೀತಲ ಕೋಣೆಗೆ ಸಾಗಿಸಿದೆ. ಬೆಳಿಗ್ಗೆ ಸಂಜೆ ಒಂದೊಂದು ಒಡೆದು ಅಳೆದೆ. ಸೂರತ್‌ನವನಿಗೆ ದಿನಾ ಫೋನ್ ಮಾಡಿ ಕೂಲರ್ ನಿಲ್ಲಿಸಬೇಡ ಎಂದೆ. ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಅದರಿಂದ ಸಿಗುತ್ತಿತ್ತು. ಮಾಡಬೇಕಾದ ಒಂದನ್ನು ಬಿಟ್ಟು ಎಲ್ಲ ಮಾಡಿದೆ.

ಐದನೆಯ ದಿನ ಡ್ರೈವರ್ ಶೀತಲ ಕೋಣೆಯ ಬಾಗಿಲಿಗೆ ಬಂದು ಆರು ಬಾಟಲಿ ಕೇಳಿದ.

"ಯಾರಿಗೆ?"

"ಬಾಗೆ, ಸಾಹೇಬ್. ಹಿಂದಿನದು ಮುಗೀತು. ದಿನಾ ಊಟ ಆದಮೇಲೆ ಒಂದು ಲೋಟ. ಒಳ್ಳೆ ನಿದ್ದೆ ಬರುತ್ತಂತೆ. ಮಂಡಿನೋವೂ ಕಮ್ಮಿಯಂತೆ." ಹಲ್ಲು ಕಿರಿದ. "ಪಕ್ಕದ ಮನೆ ಅಜ್ಜಿಗೂ ಹೇಳಿದ್ದಾರೆ, ಮಾರ್ಕೆಟ್ಟಿಗೆ ಬಂದಮೇಲೆ ತಗೋ ಅಂತ."

ನಾನು ಕಂಡಾಬಟ್ಟೆ ಕೂಗಾಡಿದೆ. ನಾಚಿಕೆ ಇಲ್ಲವೇ, ಗೊತ್ತಿದ್ದೂ ಕೊಂಡುಹೋಗಿ ಕೊಡುತ್ತೀಯಲ್ಲ, ನಿನ್ನ ತಾಯಿಗಾದರೆ ಕೊಡುತ್ತಿದ್ದೆಯಾ ಎಂದೆಲ್ಲ. ಅವನು ನಿಂತು ಪೂರ್ತಿ ಕೇಳಿಸಿಕೊಂಡ.

"ನಾನು ಡ್ರೈವರ್. ತಗೊಂಡು ಬಾ ಅಂದ್ರೆ ತರ್ತೀನಿ," ಎಂದ. "ನೀವು ಕೆಮಿಸ್ಟ್. ನೀವೂ ಸುಮ್ಮನಿದ್ದೀರಿ. ನನ್ನ ಮೇಲೆ ಯಾಕೆ ಕೂಗ್ತೀರಿ?"

ಬಾಟಲಿ ಕೊಡಲಿಲ್ಲ. ಅವನು ಚಿಕ್ಕ ಶೇಠನಿಗೆ ಫೋನ್ ಮಾಡಿಸಿ ತೆಗೆದುಕೊಂಡು ಹೋದ.

ಮೂರನೆಯ ರುಚಿ ಹೋಳಿಯ ಮುನ್ನಾದಿನ ಬೆಳಿಗ್ಗೆ. ಅಹಮದಾಬಾದಿಗೆ ಹೋಗುವ ಲಾರಿ ಗೇಟಿನ ಒಳಗೆ ತುಂಬಿ ನಿಂತಿತ್ತು. ಬಾ ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಡ್ರೈವರ್ ಬಿಟ್ಟು ತಂಡದ ಉಳಿದ ಎಂಟೂ ಜನ ಕುಳಿತಿದ್ದರು. ಆಗ ಸೂರತ್‌ನಿಂದ ಫೋನ್ ಬಂತು. ಕೂಲರ್ ಕೆಟ್ಟು ಎರಡು ದಿನವಾಗಿದೆ, ರಾತ್ರಿಯಿಡೀ ಪಟಾಕಿ ಹೊಡೆದಂತೆ ಮುಚ್ಚಳ ಹಾರಿವೆ, ಹತ್ತಾರು ಬಾಟಲಿ ಸಿಡಿದಿವೆ, ಪಕ್ಕದವನ ಬಿಳಿ ಬಟ್ಟೆಯ ಬೇಲುಗಳೆಲ್ಲ ನೇರಳೆಯಾಗಿವೆ, ಅವನು ಆಳುಗಳನ್ನು ಕಟ್ಟಿಕೊಂಡು ಜಗಳಕ್ಕೆ ಬಂದಿದ್ದಾನೆ ಎಂದು ಗೋದಾಮಿನವನು ಅರಚುತ್ತಿದ್ದ. ಚಿಕ್ಕ ಶೇಠ್ ಫೋನ್ ಇಟ್ಟು ಎಲ್ಲರೆದುರು ನನ್ನ ಕಡೆ ಬೆರಳು ತೋರಿಸಿದ.

"ಗ್ಯಾಸ್ ಲೆಕ್ಕ ತಪ್ಪು ಹಾಕಿದ್ದಾರೆ ನಮ್ಮ ಬೆಂಗಳೂರಿನ ಪಂಡಿತರು. ನೋಡಿ, ಇಷ್ಟು ಜನರ ಹೊಟ್ಟೆ ಮೇಲೆ ಹೊಡೆದ್ರು."

"ಗ್ಯಾಸ್ ಹಾಕಿದ್ದು ನಾನಲ್ಲ, ಯೀಸ್ಟ್," ಎಂದೆ. "ಆ ಲಾರಿ ಇಳಿಸಿ."

"ಅದು ಫ್ರಿಜ್ ಲಾರಿ. ಅಹಮದಾಬಾದ್ ತಲುಪೋ ತನಕ ಏನೂ ಆಗಲ್ಲ."

"ತಲುಪಿದ ಮೇಲೆ ಜನ ಮನೆಗೆ ತಗೊಂಡು ಹೋಗ್ತಾರೆ. ಮಕ್ಕಳು ಕೈಯಲ್ಲಿ ಹಿಡೀತಾರೆ."

"ಸಾಕು," ಎಂದ. ಬಾ ಅವರ ಕಾರು ಅಂಗಳಕ್ಕೆ ಬಂದಿತ್ತು.

ಅವನ ಮುಖದಲ್ಲಿ ತಟ್ಟನೆ ನಗು ಬಂತು. ಬಾ ಕೋಲೂರಿಕೊಂಡು ಬಂದು ಕುಳಿತರು. ಲಾರಿಯಿಂದ ಇಳಿಸಿದ ಪೆಟ್ಟಿಗೆಯಿಂದ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಲೋಟಕ್ಕೆ ಸುರಿದೆ. ಕಟ್ಟಳೆಯಂತೆ ಅದು ನನ್ನ ಕೆಲಸ. ನೊರೆ ಲೋಟದ ಅಂಚು ದಾಟಿ ಮೇಜಿನ ಮೇಲೆ ಚೆಲ್ಲಿತು. ಬಾ ಲೋಟ ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಮುಖ ಅರಳಿತು. ಮೊಮ್ಮಕ್ಕಳ ಕೈಯಿಂದ ಮಿಠಾಯಿ ಇಸಿದುಕೊಳ್ಳುವಾಗ ಹಿರಿಯರ ಮುಖ ಆಗುವಂತೆ. ಆ ಮುಖವನ್ನು ನೋಡಲು ನನಗಾಗಲಿಲ್ಲ.

"ಬಾ, ಕುಡೀಬೇಡಿ," ಎಂದೆ. "ಅದರಲ್ಲಿ ದಾರೂ ಇದೆ."

ಚಿಕ್ಕ ಶೇಠ್ ಗಡಿಬಿಡಿಯ ಗುಜರಾತಿಯಲ್ಲಿ ಏನೇನೋ ಹೇಳತೊಡಗಿದ. ಸೂರತ್‌ನಲ್ಲಿ ಮಾಡಿದ ತಪ್ಪು ಮುಚ್ಚಿಕೊಳ್ಳಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ದೂರುತ್ತಿದ್ದಾನೆ ಎಂಬಷ್ಟು ನನಗೆ ಅರ್ಥವಾಯಿತು. ಬಾ ಕೈಯೆತ್ತಿ ಅವನನ್ನು ಸುಮ್ಮನಿರಿಸಿದರು. ಲೋಟ ಕೆಳಗಿಡಲಿಲ್ಲ.

"ಬಿಸಿಲಲ್ಲಿ ಇಟ್ಟಿದ್ದು," ಎಂದರು. "ಅರವತ್ತು ವರ್ಷದಿಂದ ಬಿಸಿಲಲ್ಲೇ ಇಡ್ತಿದ್ದೀನಿ. ಒಂದು ಜಾಡಿ ಕೆಟ್ಟಿಲ್ಲ."

"ಛೂಂದೋಗೆ ಸಕ್ಕರೆಯೇ ಕಾವಲು, ಬಾ. ಇದರಲ್ಲಿ ಕಾವಲಿಗೆ ಬೇಕಾದಷ್ಟು ಸಕ್ಕರೆ ಇರಲಿಲ್ಲ. ಎರಡನೇ ದಿನ ನೊರೆ ಬಂತಲ್ಲ, ಅದು ದಾರೂ ಹುಟ್ಟಿದ ನೊರೆ."

ಪ್ಯಾಕಿಂಗಿನ ಮುದುಕ ತಲೆ ತಗ್ಗಿಸಿದ. ಬಾ ಅವನನ್ನು ನೋಡಿದರು, ಆಮೇಲೆ ನನ್ನನ್ನು.

"ದಾರೂ ಅಂತ ನಿಮಗೆ ಹೇಗೆ ಗೊತ್ತು?"

"ನಾನು ಶರಬತ್ತಿನವನಲ್ಲ, ಬಾ. ಇಪ್ಪತ್ತೆರಡು ವರ್ಷ ಬಿಯರ್ ಮಾಡಿದ್ದೀನಿ. ದಿನಾ ಕುಡಿದು ನೋಡೋದೇ ನನ್ನ ಕೆಲಸವಾಗಿತ್ತು." ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಒಂಬತ್ತು ದಿನದ ಬೆವರಿಗೆ ಅದರ ಮಡಿಕೆಗಳು ಹರಿದಿದ್ದವು. "ಅಳೆದೂ ನೋಡಿದ್ದೀನಿ."

ಬಾ ಗುಜರಾತಿ ಅಂಕೆಗಳಿಲ್ಲದ ಆ ಹಾಳೆಯನ್ನು ಓದಲು ಹೋಗಲಿಲ್ಲ. ಅದರ ಹರಿದ ಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದರು. ಉಪ್ಪಿನಕಾಯಿ ಎಷ್ಟು ಹಳೆಯದು ಎಂದು ಮುಟ್ಟಿ ಹೇಳಬಲ್ಲವರಿಗೆ ಕಾಗದದ ವಯಸ್ಸು ತಿಳಿಯದೇ?

"ಎಷ್ಟು ದಿನದಿಂದ ಗೊತ್ತು?"

"ಒಂಬತ್ತು."

"ನಾನು ದಿನಾ ಕುಡೀತಿದ್ದೆ. ಅದು ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಡ್ರೈವರ್ ಗೋಡೆಗೊರಗಿ ನನ್ನನ್ನೇ ನೋಡುತ್ತಿದ್ದ.

"ನಾಲ್ಕು ದಿನದಿಂದ ಗೊತ್ತಿತ್ತು."

ಬಾ ಮೊಮ್ಮಗನ ಕಡೆ ತಿರುಗಿ, ಲಾರಿ ಇಳಿಸಿ ಎಲ್ಲ ಬಾಟಲಿ ಒಡೆದು ಸುರಿಯಲು ಹೇಳಿದರು. ಸೂರತ್‌ನದನ್ನೂ. ಬಟ್ಟೆಯವನ ಕಾಲಿಗೆ ಬೀಳಬೇಕಾದರೆ ಬೀಳು ಎಂದರು. ಅವನು ಬಾಯಿ ತೆರೆದ. ಅವರು ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು, ಅವನು ಹೊರಗೆ ಹೋದ.

"ಅವನು ವ್ಯಾಪಾರದವನು," ಎಂದರು ನನಗೆ. ದನಿ ಏರಿರಲಿಲ್ಲ. "ಮಾರೋದಕ್ಕೆ ಸುಳ್ಳು ಹೇಳ್ತಾನೆ. ಆ ಬುದ್ಧಿ ಕಲಿಸಿದ್ದು ನಾವೇ. ಅವನ ನಾಲಗೆಗೆ ಅದು ದಾರೂ ಅಂತ ಗೊತ್ತಾಗಿರಲಿಲ್ಲ. ಇವರಿಗೂ ಗೊತ್ತಾಗಿರಲಿಲ್ಲ. ನನಗೂ ಇಲ್ಲ. ಇಲ್ಲಿ ಗೊತ್ತಾಗಿದ್ದು ಒಬ್ಬರಿಗೆ. ಅವರು ಒಂಬತ್ತು ದಿನ ಕಾಗದ ಜೇಬಲ್ಲಿ ಇಟ್ಕೊಂಡ್ರು."

ನನ್ನ ಹೆಂಡತಿಯ ಬ್ಯಾಂಕು, ಪೊಲೀಸರು, ಸಹಿ, ಎಲ್ಲವೂ ನಾಲಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿಕೊಂಡೆ. ಕ್ಷಮಿಸಿ ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

ಅವರು ಕೈಯಲ್ಲಿದ್ದ ಲೋಟವನ್ನು ನನ್ನ ಮುಂದಕ್ಕೆ ತಳ್ಳಿದರು. ತುಟಿ ಸೋಕದ ಲೋಟ. ನೊರೆ ಇಳಿದು ಕೆಂಪಗೆ ನಿಂತಿತ್ತು.

"ಕುಡೀರಿ. ನಿಮಗೆ ಅಭ್ಯಾಸ ಇದೆಯಲ್ಲ."

ಅಷ್ಟೂ ಜನರ ಎದುರು ಎತ್ತಿ ಕುಡಿದೆ. ಕೆಲಸದ ಚಾಳಿ ಎಂಥದು ನೋಡಿ, ಅವಮಾನದಲ್ಲಿ ಮುಖ ಸುಡುತ್ತಿದ್ದಾಗಲೂ ನಾಲಗೆ ತನ್ನ ಪಾಡಿಗೆ ಕೆಲಸ ಮಾಡಿತು. ಸಿಹಿ ಹದವಾಗಿತ್ತು, ಹುಳಿ ಅದರ ಹಿಂದೆಯೇ ಬಂತು, ಹಣ್ಣು ಗಂಟಲಿಳಿದ ಮೇಲೂ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಕುದಿಸಿದ ಯಾವುದೂ ಅಷ್ಟು ಚೆನ್ನಾಗಿರಲಿಲ್ಲ. ಲೋಟ ಕೆಳಗಿಟ್ಟೆ.

"ಕೇವುಂ ಛೇ?" ಎಂದು ಕೇಳಿದರು. ಹೇಗಿದೆ?

ಸುಳ್ಳು ಹೇಳಿದ್ದರೆ ಆ ಹೊತ್ತಿಗೆ ಇಬ್ಬರಿಗೂ ಒಳ್ಳೆಯದಿತ್ತು.

"ಸಾರುಂ ಛೇ, ಬಾ," ಎಂದೆ. ಚೆನ್ನಾಗಿದೆ.

ಅವರು ಕೋಲೂರಿ ಎದ್ದರು. ಡ್ರೈವರ್ ಓಡಿಬಂದು ಕೈ ಕೊಡಲು ಹೋದ, ಬೇಡವೆಂದರು. ಬಾಗಿಲವರೆಗೆ ಹೋಗಿ, ನನ್ನ ಕಡೆ ತಿರುಗದೆ, "ನನಗೂ ಚೆನ್ನಾಗೇ ಅನ್ನಿಸಿತ್ತು," ಎಂದರು. ಆಮೇಲೆ ತುಳಸಿ ಮಣಿಯನ್ನು ಕೊರಳಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನ ಕಡೆ ನಡೆದರು.